ಅನಾಗತ ಎಡುಪು

ನನ್ನ ಬೆಳಗು ಹಾಜರಿಯಿಂದ ಶುರುವಾಗುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರಿನ ಮೇಲೆ ಮೌಸಿನಿಂದ ಎರಡು ಸಲ ಕುಟ್ಟಿದರೆ ಮೊದಲು ಒಂದು ಪುಟ್ಟ ಚೌಕ ಬರುತ್ತದೆ. ಅದರ ಅಡಿಯಲ್ಲಿ ಸಣ್ಣಕ್ಷರದಲ್ಲಿ ಧ್ವನಿ ತಿದ್ದುವ ಪ್ಲಗಿನ್‌ಗಳ ಹೆಸರುಗಳು ಒಂದೊಂದಾಗಿ ಓಡುತ್ತವೆ. ರಿವರ್ಬು, ಡಿಲೇ, ಕಂಪ್ರೆಸರು, ಇನ್ನೊಂದು ಕಂಪ್ರೆಸರು. ಮೇಷ್ಟ್ರು ಹೆಸರು ಕೂಗಿದಂತೆ ಇದು ಕೂಗುತ್ತದೆ, ಹುಡುಗರು ‘ಬಂದೆ ಸಾರ್’ ಎನ್ನುತ್ತಾರೆ. ಅಷ್ಟರಲ್ಲಿ ಎಂದೋ ಪುಕ್ಕಟೆ ಸಿಕ್ಕಿತೆಂದು ಹಾಕಿಕೊಂಡು ಒಮ್ಮೆಯೂ ಬಳಸದ ಒಂದು ಎಕೋ ಪ್ಲಗಿನ್‌ನ ಸರದಿ ಬರುತ್ತದೆ. ಆ ಹುಡುಗ ಬಾಯಿ ಬಿಡುವುದಿಲ್ಲ. ಈ ಮೇಷ್ಟ್ರು ಮುಂದಿನ ಹೆಸರಿಗೆ ಹೋಗುವುದಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ ಫಿಲ್ಟರಿಗೆ ಬಿಸಿನೀರು ಹೊಯ್ಯುತ್ತೇನೆ. ಡಿಕಾಕ್ಷನ್ ಇಳಿದು, ಹಾಲು ಕಾಯ್ದು, ಕಾಫಿ ಲೋಟ ಹಿಡಿದು ಮರಳುವ ಹೊತ್ತಿಗೆ ಹಾಜರಿ ಮುಗಿದಿದ್ದರೆ ಆ ದಿನ ಶುಭ ಎಂದು ಲೆಕ್ಕ.

ನನ್ನ ಸ್ಟುಡಿಯೋ ಎಂದರೆ ಹನುಮಂತನಗರದ ಮನೆಯ ಹಿಂಬದಿಯಲ್ಲಿ ಒಂದು ಕಾಲಕ್ಕೆ ತೆಂಗಿನಕಾಯಿ, ಹಳೇ ಪೇಪರು ಇಡುತ್ತಿದ್ದ ಕೋಣೆ. ಗೋಡೆಗೆ ಹತ್ತಿಯ ಹಾಸಿಗೆ ಬಡಿದು, ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಒಳಗೊಂದು ಮೈಕು ನಿಲ್ಲಿಸಿದ್ದೇನೆ. ಭಾವಗೀತೆ, ದೇವರನಾಮ, ಶಾಲೆಯ ವಾರ್ಷಿಕೋತ್ಸವದ ನೃತ್ಯದ ಟ್ರ್ಯಾಕು, ಚುನಾವಣೆ ಬಂದರೆ ಆಟೋದಲ್ಲಿ ಕೂಗಿಸುವ ಪ್ರಚಾರ, ಎಲ್ಲವೂ ಇಲ್ಲಿಂದ ಹೊರಟದ್ದೇ. ಹದಿನೇಳು ವರ್ಷದಿಂದ ಎಲ್ಲಕ್ಕೂ ಅದೇ ಒಂದು ಸಾಫ್ಟ್‌ವೇರು. ಅದರ ಹೆಸರು ಹೇಳುವುದಿಲ್ಲ. ಅನ್ನ ಕೊಟ್ಟದ್ದರ ಮಾನ ತೆಗೆಯಬಾರದು.

ಅದರ ನಡೆ ಮಾತ್ರ ಅತಿ ವಿಳಂಬ ಕಾಲ. ಧ್ವನಿ ಏರಿಸುವ ಫೇಡರನ್ನು ಮೇಲಕ್ಕೆಳೆದರೆ, ಎಳೆದ ಕೈ ಮೇಲೆ ಹೋಗಿ ಕಾಯುತ್ತಿರುತ್ತದೆ, ಫೇಡರು ಹಬ್ಬಕ್ಕೆ ಕರೆದ ಬೀಗರಂತೆ ನಿಧಾನವಾಗಿ ಬರುತ್ತದೆ. ಹಾಡಿನ ಅಲೆಯನ್ನು ಹಿಗ್ಗಿಸಿ ನೋಡೋಣವೆಂದರೆ ಎಡದಿಂದ ಬಲಕ್ಕೆ ಒಂದೊಂದೇ ಎಳೆ ಬಿಡುತ್ತಾ ರಂಗೋಲಿ ಹಾಕುತ್ತದೆ. ಪ್ಲಗಿನ್ ತೆರೆದರೆ ಇನ್ನೊಂದು ವೈಭವ. ಹಳೆಯ ಕಾಲದ ಯಂತ್ರದ ಪಡಿಯಚ್ಚು ಚಿತ್ರ: ಮರದ ಚೌಕಟ್ಟು, ನಡುಗುವ ಮುಳ್ಳು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಆ ಸ್ಕ್ರೂಗಳನ್ನು ಯಾರೂ ಬಿಚ್ಚಲಾರರು, ಬಿಚ್ಚಿದರೆ ಒಳಗೇನೂ ಇಲ್ಲ. ಆದರೂ ಅವುಗಳ ಮೇಲಿನ ಹೊಳಪು ಮೂಡುವ ತನಕ ನಾನು ಕಾಯಬೇಕು. ಅಲ್ಲಿರುವ ಗುಂಡು ತಿರುಪು ಕೂಡ ನಿಜವಾಗಿ ತಿರುಗುವುದಿಲ್ಲ. ಸ್ವಲ್ಪ ಸ್ವಲ್ಪವೇ ತಿರುಗಿದಂತೆ ಬರೆದ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ತೋರಿಸುವ ಬಯೋಸ್ಕೋಪು ಅದು. ನನ್ನ ಮನೆಯಲ್ಲಿ ಅದರ ರೀಲು ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ.

ಇಂಥ ಕಾಯುವಿಕೆಗೂ ಲೆಕ್ಕವಿದೆ. ಯಾಕೋಬ್ ನೀಲ್ಸನ್ ಎಂಬ ತಜ್ಞರು 1993ರಲ್ಲೇ ಬರೆದಿಟ್ಟಿದ್ದಾರೆ. ಹತ್ತನೇ ಒಂದು ಸೆಕೆಂಡಿನೊಳಗೆ ಕಂಪ್ಯೂಟರ್ ಓಗೊಟ್ಟರೆ ಮನುಷ್ಯನಿಗೆ ತಾನೇ ಕೈಯಾರೆ ಮಾಡಿದಂತಿರುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯದು. ಹತ್ತು ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ. ನನ್ನ ಗಮನ ಹೋಗುವ ಬೇರೆ ಕಡೆ ಅಡುಗೆಮನೆಯ ಚಕ್ಕುಲಿ ಡಬ್ಬ. ಈ ಸಾಫ್ಟ್‌ವೇರಿನಿಂದ ನನ್ನ ಹಾಡುಗಳೆಷ್ಟು ಬೆಳೆದವೋ, ಹೊಟ್ಟೆಯಂತೂ ಬೆಳೆದಿದೆ.

ಹಿಂದೆ ಹೀಗಿರಲಿಲ್ಲ ಎಂಬುದೇ ಸಂಕಟ. ವಾದ್ಯಗಳೂ ಕಂಪ್ಯೂಟರುಗಳೂ ಪರಸ್ಪರ ಮಾತಾಡಲು ಮಿಡಿ ಎಂಬ ಭಾಷೆ ಬಂದದ್ದು 1983ರಲ್ಲಿ. ಎರಡು ವರ್ಷದಲ್ಲಿ ಅಟಾರಿ ಎಸ್‌ಟಿ ಎಂಬ ಕಂಪ್ಯೂಟರು ಮಿಡಿ ತೂತುಗಳನ್ನು ಮೈಯಲ್ಲೇ ಇಟ್ಟುಕೊಂಡು ಹುಟ್ಟಿತು. 8 ಮೆಗಾಹರ್ಟ್ಸ್ ವೇಗ. ಒಳ್ಳೆಯ ಮಾದರಿಗೆ ಒಂದು ಮೆಗಾಬೈಟ್ ನೆನಪು. ಇವತ್ತು ಬೆಳಗ್ಗೆ ನನ್ನ ಅತ್ತಿಗೆ ವಾಟ್ಸಾಪಿನಲ್ಲಿ ಕಳಿಸಿದ ‘ಶುಭೋದಯ’ದ ವೀಡಿಯೋ ಅದರಲ್ಲಿ ಹಿಡಿಯುತ್ತಿರಲಿಲ್ಲ. 1989ರಲ್ಲಿ ಬಂದ ಕ್ಯೂಬೇಸ್ ಎಂಬ ಸಾಫ್ಟ್‌ವೇರು ಓಡಿದ್ದು ಆ ಪೆಟ್ಟಿಗೆಯಲ್ಲೇ. ಅದರ ತಾಳ ಎಷ್ಟು ಬಿಗಿ ಎಂದರೆ ಎಷ್ಟೋ ಮಂದಿ ಅದನ್ನು ವರ್ಷಾನುಗಟ್ಟಲೆ ಬಿಡಲೇ ಇಲ್ಲ. ಅದು ಹೊರುತ್ತಿದ್ದದ್ದು ಬರೀ ಸ್ವರದ ಚೀಟಿಗಳನ್ನು, ಹಾಡುವವರ ಕಂಠವನ್ನಲ್ಲ ಎಂಬುದು ನಿಜ. ಹೊರೆ ಕಮ್ಮಿಯಿದ್ದ ವಯಸ್ಸಿನಲ್ಲಿ ನಾನೂ ಕೆಂಪೇಗೌಡ ನಗರದ ಏರನ್ನು ಸೈಕಲ್ಲಿನಲ್ಲೇ ಹತ್ತುತ್ತಿದ್ದೆ.

ಮಗ ಪ್ರೀತಿಯಿಂದ ದೊಡ್ಡ ಪರದೆ ತಂದುಕೊಟ್ಟ ಮೇಲೆ ಪರಿಸ್ಥಿತಿ ಇನ್ನೂ ಹದಗೆಟ್ಟಿತು. ಹಳೆಯ ಪರದೆಯಲ್ಲಿ ಇದ್ದದ್ದು 7,86,432 ಚುಕ್ಕಿ. ಹೊಸ ನಾಲ್ಕು-ಕೆ ಪರದೆಯಲ್ಲಿ 82,94,400. ಹತ್ತು ಪಟ್ಟಿಗೂ ಹೆಚ್ಚು. ಮೊದಲ ದಿನ ಗುಂಡಿಗಳೆಲ್ಲ ಸಾಸಿವೆ ಕಾಳಿನಷ್ಟಾದವು. ದೊಡ್ಡದು ಮಾಡಿದರೆ ಕನ್ನಡಕ ಮರೆತು ಬಂದವನಿಗೆ ಕಂಡಂತೆ ಮಸುಕಾದವು. ಇಷ್ಟು ಚುಕ್ಕಿಗೆ ಬಣ್ಣ ಬಳಿಯಲೆಂದೇ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂಬ ಬೇರೆ ಆಳಿದ್ದಾನೆ. ನಮ್ಮ ಸಾಫ್ಟ್‌ವೇರು ಅವನನ್ನು ಕರೆಯುವುದೇ ಇಲ್ಲ, ಎಲ್ಲವನ್ನೂ ಮುಖ್ಯ ಅಡುಗೆಯವನ ತಲೆಗೇ ಕಟ್ಟುತ್ತದೆ. ಮದುವೆಮನೆಯಲ್ಲಿ ಒಬ್ಬ ಬೆವರಿಳಿಸಿ ಸಾರು ಹೊರುವಾಗ ಷಡ್ಡಕ ಕುರ್ಚಿಯಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದರೆ ಹೇಗೋ ಹಾಗೆ.

ಮದುವೆಮನೆಯ ಮಾತು ಬಂದದ್ದು ಒಳ್ಳೆಯದಾಯಿತು, ಈ ನಿಧಾನದ ಗುಟ್ಟೂ ಅಲ್ಲೇ ಇದೆ. ಸಿ.ಡಿ. ಮಟ್ಟದ ಒಂದು ಸೆಕೆಂಡು ಧ್ವನಿ ಎಂದರೆ 44,100 ಚೂರು. ಅವನ್ನು 256ರ ಕಂತೆ ಕಟ್ಟಿ ಕಳಿಸಿದರೆ ಪ್ರತಿ 5.8 ಮಿಲಿಸೆಕೆಂಡಿಗೆ ಒಂದು ಕಂತೆ ಸಿದ್ಧವಿರಲೇಬೇಕು. ಒಂದು ತಪ್ಪಿದರೂ ಸ್ಪೀಕರಿನಲ್ಲಿ ‘ಟಪ್’. ಇದು ಮುಹೂರ್ತ, ಇದನ್ನು ಮೀರುವಂತಿಲ್ಲ. ಪರದೆಯ ಮೇಲಿನ ಚಿತ್ರವೋ, ಅದು ಫೋಟೋಗ್ರಾಫರು. ಮಾಂಗಲ್ಯಧಾರಣೆ ಮುಗಿದ ಮೇಲೆ ಬಂದರೂ ಮದುವೆ ನಿಲ್ಲುವುದಿಲ್ಲ. ಹಾಗಾಗಿ ಸಾಫ್ಟ್‌ವೇರು ಮೊದಲು ಕಂತೆ ಕಳಿಸುತ್ತದೆ, ಉಸಿರು ಉಳಿದರೆ ಚಿತ್ರ ಬಿಡಿಸುತ್ತದೆ.

ಹಳೆಯ ಕಂಪ್ಯೂಟರಿಗೆ ಉಸಿರಾಡಲು ಬಿಡೋಣವೆಂದು ಕಂತೆಯನ್ನು 1024ಕ್ಕೆ ಏರಿಸಿದರೆ ಇನ್ನೊಂದು ಪೀಕಲಾಟ. ಹೋಗಿ ಬರುವ ಎರಡು ಕಂತೆ ಸೇರಿ ಸುಮಾರು 46 ಮಿಲಿಸೆಕೆಂಡು. ಗಾಳಿಯಲ್ಲಿ ಸದ್ದು ಅಷ್ಟರಲ್ಲಿ 16 ಮೀಟರ್ ದೂರ ಹೋಗುತ್ತದೆ. ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ದನಿ ಕೇಳುವುದು ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಪೆಂಡಾಲಿನಲ್ಲಿ ಹಿಂದೆಲ್ಲೋ ಕೂತು ತಾವೇ ತಮ್ಮ ಕಛೇರಿ ಕೇಳಿದಂತೆ. ಆ ದನಿಗೆ ಕಾಯುತ್ತಾ ಕಾಯುತ್ತಾ ಅವರೂ ಎಳೆಯತೊಡಗುತ್ತಾರೆ.

ಇದನ್ನೆಲ್ಲ ಸಹಿಸಿದವರು ನಮ್ಮ ಸಂಗೀತದ ಮೇಷ್ಟ್ರು. ಎಪ್ಪತ್ತು ದಾಟಿದವರು. ದೇವರನಾಮ ರೆಕಾರ್ಡ್ ಮಾಡಿಸಲು ತಮ್ಮ ರಾಡೆಲ್ ತಂಬೂರಿ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ನಾಲ್ಕು ಗಂಟೆ ಹಾಡಿದರು. ನಡುವೆ ಬೇಡದ ಒಂದು ಟ್ರ್ಯಾಕು ಉಳಿದಿತ್ತು, ಬರೀ ಅವರು ಕೆಮ್ಮಿದ್ದು. ಅದನ್ನು ಹಿಡಿದು ಡಿಲೀಟ್ ಒತ್ತಿದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಇಲ್ಲ. ಸಿಟ್ಟಿನಿಂದ ಮೂರನೇ ಸಲ. ಐದು ಸೆಕೆಂಡಿನಲ್ಲಿ ಕಿಟಕಿ ಪೂರ್ತಿ ಬೆಳ್ಳಗಾಗಿ, ನೆತ್ತಿಯ ಮೇಲೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಇಂಗ್ಲಿಷ್ ಒಕ್ಕಣೆ ಬಂತು.

“ಏನ್ರೀ, ಮಲಗಿಬಿಡ್ತಾ?” ಎಂದರು ಮೇಷ್ಟ್ರು.

“ಇಲ್ಲ ಸಾರ್, ಯೋಚನೆ ಮಾಡ್ತಿದೆ.”

ಯೋಚನೆ ಮುಗಿಸಿ ಎದ್ದ ಯಂತ್ರ, ಬಾಕಿಯಿದ್ದ ನನ್ನ ಮೂರೂ ಅಪ್ಪಣೆಗಳನ್ನು ಒಟ್ಟಿಗೆ ನಡೆಸಿಕೊಟ್ಟಿತು. ಕೆಮ್ಮು ಹೋಯಿತು. ಅದರ ಪಕ್ಕದ ಮೃದಂಗ ಹೋಯಿತು. ಅದರ ಪಕ್ಕದ ಮೇಷ್ಟ್ರೂ ಹೋದರು. ಕೈ ನಡುಗುತ್ತಾ ‘ಅನ್‌ಡೂ’ ಒತ್ತಿದೆ. ಏನೂ ಆಗಲಿಲ್ಲ. ಪಾಠ ಕಲಿಯದವನು ನಾನು, ಹತ್ತು ಸಲ ಒತ್ತಿದೆ. ಅದು ಹತ್ತನ್ನೂ ಎಣಿಸಿಕೊಂಡು ಹಿಂದಕ್ಕೆ ಹೋಗಿ, ಆ ದಿನ ಬೆಳಗ್ಗೆ ಮೇಷ್ಟ್ರು ಇನ್ನೂ ಬಾಯಿಯೇ ತೆರೆದಿರದ ಪವಿತ್ರ ಕ್ಷಣಕ್ಕೆ ನಮ್ಮನ್ನು ತಲುಪಿಸಿತು. ಪರದೆ ಖಾಲಿ.

“ಹೋದದ್ದು ವಾಪಸ್ ಬರುತ್ತೇನ್ರೀ?”

“ಬರತ್ತೆ ಸಾರ್. ಸ್ವಲ್ಪ ವಿಳಂಬದಲ್ಲಿ.”

ಈ ಸಲ ಒಂದೊಂದೇ ಒತ್ತಿ, ಕೈ ಕಟ್ಟಿ ಕೂತು, ಮುಂದಕ್ಕೆ ಬಂದೆ. ಮೃದಂಗ ಬಂತು. ಮೇಷ್ಟ್ರು ಬಂದರು. ಅವರ ಕೆಮ್ಮೂ ಬಂತು. ಇಷ್ಟು ಹೊತ್ತೂ ತೊಡೆಯ ಮೇಲೆ ಸುಮ್ಮನೆ ಆದಿತಾಳ ಹಾಕುತ್ತಿದ್ದ ಮೇಷ್ಟ್ರು ನಕ್ಕರು. “ನೀವು ಸುಮ್ನೆ ಬೈತೀರಿ. ಇದರದ್ದು ಅನಾಗತ ಎಡುಪು ಕಣ್ರೀ. ತಾಳ ಹೊರಟ ಮೇಲೆ ಸಾಹಿತ್ಯ ಎತ್ಕೊಳ್ಳತ್ತೆ. ಗೊತ್ತಿದ್ದವರು ಕಾಯ್ತಾರೆ, ಗೊತ್ತಿಲ್ದವರು ಮಧ್ಯೆ ಬಾಯಿ ಹಾಕ್ತಾರೆ.”

ಸಂಜೆ ಮಗನಿಗೆ ಹೇಳಿದೆ. ಅವನು, “ಅಪ್ಪಾ, ಹೊಸದು ಹಾಕ್ಕೊಳ್ಳಿ” ಎಂದು ತನ್ನ ಲ್ಯಾಪ್‌ಟಾಪಿನಲ್ಲಿ ಒಂದನ್ನು ತೋರಿಸಿದ. ಎಲ್ಲ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತಿತ್ತು. ಬೂದಿ ಬಣ್ಣದ ಮೇಲೆ ಬೂದಿ ಬಣ್ಣದ ಗುಂಡಿಗಳು. ರೆಕಾರ್ಡ್ ಗುಂಡಿ ಎಲ್ಲಿದೆಯೆಂದು ಹುಡುಕಲು ನನಗೆ ಹಿಡಿದ ಹೊತ್ತಿನಲ್ಲಿ ನನ್ನ ಹಳೆಯದು ಎರಡು ಸಲ ಹಾಜರಿ ಕೂಗುತ್ತಿತ್ತು. ಮೇಲಾಗಿ ನನ್ನ ನೆಚ್ಚಿನ ರಿವರ್ಬು 32 ಬಿಟ್ ಕಾಲದ್ದು, ಹೊಸ ಮನೆಗೆ ಅದಕ್ಕೆ ಪ್ರವೇಶವಿಲ್ಲ. ಹದಿನೇಳು ವರ್ಷದ ಹಾಡುಗಳ ಗಂಟನ್ನೂ ಹೊಸದು ಬಿಚ್ಚಲಾರದು. ಮನೆ ಬದಲಿಸಬಹುದು, ದೇವರ ಪೆಟ್ಟಿಗೆಯನ್ನು ಬಿಟ್ಟು ಹೋಗುವುದು ಹೇಗೆ?

“ಅಮ್ಮಾ, ನೀನಾದ್ರೂ ಹೇಳು” ಎಂದ ಮಗ.

ಬಾಗಿಲಿನ ಕಂಬಳಿ ಸರಿಸಿ ನಿಂತಿದ್ದ ಇವಳು ನನ್ನನ್ನು ನೋಡಿದಳು. ನಾನು ಆಗ ಹೆಡ್‌ಫೋನು ಹಾಕಿಕೊಂಡು ಮೇಷ್ಟ್ರ ಒಂದು ಗಮಕದ ಹಿಂದೆ ಬಿದ್ದಿದ್ದೆನಂತೆ. ಅವಳು ಏನೋ ಕೇಳಿದ್ದಳು. ನನ್ನ ಮುಖ ಬೆಳ್ಳಗೆ, ಖಾಲಿಯಾಗಿ, ಐದು ಸೆಕೆಂಡು ಹಾಗೇ ಇತ್ತಂತೆ. ಆಮೇಲೆ ನಾನು “ಹ್ಞಾಂ?” ಅಂದೆ.

“ಇದರ ಜೊತೆ ಬಾಳೋದು ಕಷ್ಟ ಏನಿಲ್ಲ ಕಣೋ” ಎಂದು ಇವಳು ಮಗನಿಗೆ ಹೇಳಿದಳು. “ಒಂದು ಸಲ ಹೇಳಿ, ಸುಮ್ನೆ ಕಾಯ್ಬೇಕು. ಮೊನ್ನೆ ಕೇಳಿಸ್ಲಿಲ್ಲ ಅಂತ ಮೂರು ಸಲ ಹೇಳಿದೆ. ಮೂರು ಪ್ಯಾಕೆಟ್ ಮೊಸರು ತಂದ್ರು.”