ಎಪಿಗ್ರಾಫಿಯ ಅಟ್ಟಾಟಿಕ: ಕೃಷ್ಣಮೂರ್ತಿಪುರದ ಪಾತ್ರೆ ಶಾಸನಗಳು

ಪೀಠಿಕೆ: ಬಿ.ಎಲ್. ರೈಸ್ ಅವರು 1886ರಲ್ಲಿ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ಹೊರತಂದರು. ಅವರು ಬೆಟ್ಟ ಹತ್ತಿದರು, ಗುಡಿ ಹೊಕ್ಕರು, ಅಟ್ಟವನ್ನು ಮಾತ್ರ ಹತ್ತಲಿಲ್ಲ. ಏಕೆಂಬುದು ಇಂದಿಗೂ ಯಾವ ವಿದ್ವಾಂಸರನ್ನೂ ಕಾಡದ ಪ್ರಶ್ನೆ. 1966ರಲ್ಲಿ ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗವೇ ಊಟಿಯಿಂದ ಮೈಸೂರಿಗೆ ಬಂದು ನೆಲಸಿತು. ಆದರೂ ಅದೇ ಊರಿನ ನಮ್ಮ ಅಡುಗೆಮನೆಯ ಕಡೆ ಯಾರೂ ಸುಳಿಯಲಿಲ್ಲ. ಮನೆ ಮಾರಿ ಎರಡು ಕೋಣೆಯ ಫ್ಲಾಟಿಗೆ ಹೊರಟಿರುವ ಪ್ರಸ್ತುತ ಸಂಶೋಧಕನ ಹೆಗಲಿಗೆ ಈ ಮಹಾಕಾರ್ಯ ಬಿದ್ದಿದೆ. ಧನಸಹಾಯ: ಇಲ್ಲ. ಕ್ಷೇತ್ರಕಾರ್ಯ ಸಹಾಯಕರು: ಏಣಿ ಹಿಡಿದುಕೊಂಡ ಅಮ್ಮ.

ಅಧ್ಯಯನ ವಿಧಾನ: ಪಾತ್ರೆಯನ್ನು ಬಹುಸ್ತರೀಯ ಸಾಂಸ್ಕೃತಿಕ ಪಠ್ಯವೆಂದು ಪರಿಭಾವಿಸಿ, ಅದರ ಒಡಲೊಳಗೆ ಹುದುಗಿರುವ ಯಜಮಾನ್ಯ ಸಂಕಥನದ ಗ್ರಹಿಕೆಯ ನೆಲೆಗಳನ್ನು ಅನುಸಂಧಾನಗೊಳಿಸುವ ಆಯಾಮಗಳ ತಾತ್ವಿಕ ಚೌಕಟ್ಟನ್ನು ಇಲ್ಲಿ ಅನುಸರಿಸಲಾಗಿದೆ. ಎಂದರೆ, ಬೋರಲು ಹಾಕಿ ನೋಡಿದೆ.

1. ತಾಮ್ರಶಾಸನ: ಗಂಗರ ತಾಮ್ರಪಟಗಳನ್ನು ಬಳೆಗೆ ಪೋಣಿಸಿ ಆನೆಯ ಮುದ್ರೆ ಒತ್ತುತ್ತಿದ್ದರು. ನಮ್ಮ ಬಚ್ಚಲುಮನೆಯ ಹಂಡೆಗೂ ಎರಡು ಬಳೆಗಳುಂಟು, ಒಂದು ಕಿತ್ತುಹೋಗಿದೆ. ಮುದ್ರೆಯ ಜಾಗದಲ್ಲಿ ಬೆರಳುದ್ದದ ತೇಪೆ. ಕಂಠದ ಸುತ್ತ ಪಾತ್ರೆ ಅಂಗಡಿಯವನು ಉಳಿಯಿಂದ ಟಕಟಕನೆ ಕುಟ್ಟಿದ ಅಕ್ಷರಗಳಿವೆ. ಈ ಲಿಪಿಗೆ ‘ಉತ್ತರ-ದೇವರಾಜ-ಮಾರುಕಟ್ಟೆ ಬಿಂದುಲಿಪಿ’ ಎಂದು ನಾಮಕರಣ ಮಾಡಲಾಗಿದೆ. ಪಾಠ: ‘…ಯ್ಯನವರ ಮ… 19…’ ಉಳಿದದ್ದು ತ್ರುಟಿತ. ಕಾಲನಿರ್ಣಯ: 1900ರಿಂದ 1999ರ ಒಳಗೆ. ಇದಕ್ಕಿಂತ ಸಡಿಲವಾದ ಕಾಲನಿರ್ಣಯಗಳಿಗೂ ಪಿಎಚ್.ಡಿ. ಸಿಕ್ಕಿದೆ.

2. ಹಿತ್ತಾಳೆ ಶಾಸನ: ತಪ್ಪಲೆ, ಕೊಳಗ, ಕೂಜ. ಇವುಗಳ ಒಳಮೈಯ ಕಲಾಯಿ ಸವೆದಿದೆ. ಹುಳಿ, ಸಾರು ಕಿಲುಬೆದ್ದೀತೆಂದು ಕಾಲಕಾಲಕ್ಕೆ ಕಲಾಯಿಯವನನ್ನು ಕರೆಸುತ್ತಿದ್ದರು. ಅವನು ಬೀದಿಬದಿಯಲ್ಲಿ ತಿದಿಯೊತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ಸೋಕಿಸಿ, ಬಟ್ಟೆಯಲ್ಲಿ ಒಂದು ಸುತ್ತು ಒರೆಸಿದರೆ ಕಪ್ಪು ತಳ ಬೆಳ್ಳಿಯಾಗುತ್ತಿತ್ತು. ಸ್ಟೀಲು ಬಂತು, ಅವನು ಹೋದ. ಇದು ಪ್ರಬಂಧದ ವ್ಯಾಪ್ತಿಗೆ ಸೇರದು.

3. ಸ್ಟೀಲ್ ಶಾಸನ: ಮಿಷನ್ನಿನಲ್ಲಿ ಕೊರೆದದ್ದು, ಆದ್ದರಿಂದ ನೀರಸ. ವೈಕುಂಠ ಸಮಾರಾಧನೆಗಳಲ್ಲಿ ಹಂಚಿದ ‘ಸ್ಮರಣಾರ್ಥ’ ಲೋಟಗಳು ಇಲ್ಲಿ ಹೇರಳ. ಸತ್ತವರ ಲೋಟದಲ್ಲೇ ನಾವು ಕಾಫಿ ಕುಡಿಯುತ್ತ ಬಂದಿದ್ದೇವೆ, ಯಾರಿಗೂ ಏನೂ ಅನ್ನಿಸಿಲ್ಲ.

4. ಶಿಲಾವರ್ಗ: ಹಿತ್ತಲಿನ ಪಾರಿಜಾತದ ಬುಡದಲ್ಲಿರುವ ಒರಳುಕಲ್ಲು. ಅಕ್ಷರವಿಲ್ಲ. ಮೂರನೇ ಮಹಡಿಗೆ ಲಿಫ್ಟಿನಲ್ಲಿ ಬಿಡುವುದಿಲ್ಲ. ಮಲ್ಲಿಗೆಯ ಹಂಬು, ಕರಿಬೇವು, ವೀಳ್ಯದೆಲೆ ಬಳ್ಳಿಗಳಿಗೂ ಪ್ರವೇಶವಿಲ್ಲ. ಮೈಸೂರು ಮಲ್ಲಿಗೆಗೂ ಮೈಸೂರು ವೀಳ್ಯದೆಲೆಗೂ ಸರ್ಕಾರದ ಭೌಗೋಳಿಕ ಗುರುತು ಸಿಕ್ಕಿದೆ, ನಮ್ಮ ಹೊಸ ಬಾಲ್ಕನಿಯಲ್ಲಿ ಮೂರು ಕುಂಡದ ಜಾಗವಷ್ಟೇ ಸಿಕ್ಕಿದೆ.

5ರಿಂದ 11ರವರೆಗಿನ ವರ್ಗಗಳನ್ನು ಓದುಗರೇ ಮಾಡಿಕೊಳ್ಳಬಹುದು. ನನಗೆ ಸಾಕಾಯಿತು.

ಹೋದ ವರ್ಷ ನಮ್ಮೂರಿನಲ್ಲೇ ಪರಂಪರೆ ಕುರಿತ ವಿಚಾರಸಂಕಿರಣವೊಂದರಲ್ಲಿ ಕೂತಿದ್ದೆ. ಪರದೆಯ ಮೇಲೆ ಇಂಥದೇ ಒಂದು ಹಂಡೆ. ವಿದ್ವಾಂಸರು ಅದರ ‘ಭೌತಿಕ ಸಂಸ್ಕೃತಿಯ ಆಯಾಮ’ಗಳನ್ನು ಮುಕ್ಕಾಲು ಗಂಟೆ ಬಿಡಿಸಿಟ್ಟರು. ಅದಕ್ಕೆ ಉರಿ ಹಾಕುತ್ತಿದ್ದವರು ಯಾರು ಎಂದು ಹಿಂದಿನ ಸಾಲಿನ ಹೆಂಗಸೊಬ್ಬರು ಕೇಳಿದರು. ‘ಅದು ನಮ್ಮ ಅಧ್ಯಯನದ ಮಿತಿಯಾಚೆಗಿನದು ಮೇಡಂ’ ಎಂದರು. ಊಟ ಥರ್ಮಾಕೋಲ್ ತಟ್ಟೆಯಲ್ಲಿತ್ತು.

ಉರಿ ಹಾಕಿದವಳು ನನ್ನ ಅಜ್ಜಿ ಕಣ್ರೀ. ಬೆಳಗಿನ ಜಾವ ತೆಂಗಿನಗರಿ ತುರುಕಿ, ಕಣ್ಣಲ್ಲಿ ನೀರು ಸುರಿಸಿಕೊಂಡು, ಊದುಕೊಳವೆ ಊದಿ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದರ ಮಸಿ ಕೆರೆದು, ಹುಣಸೆಹಣ್ಣು ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದವಳು ಅವಳೇ. ‘ನಮ್ಮತ್ತೆ ತವರಿಂದ ತಂದಿದ್ದು ಕಣೋ’ ಎಂದರು ಅಮ್ಮ, ಏಣಿ ಬಿಡದೆ. ‘ಹೆಸರು ಮಾತ್ರ ಅವರ ಮಾವನೋರದು ಹಾಕಿಸಿದ್ರು.’ ಅಟ್ಟದ ಮೇಲಿದ್ದ ಒಂದು ಪಾತ್ರೆಯ ಮೇಲೂ ಅಜ್ಜಿಯ ಹೆಸರಿಲ್ಲ. ಗಂಡ, ಮಾವ, ಭಾವ, ಮಕ್ಕಳು ಎಲ್ಲರೂ ಇದ್ದಾರೆ. ಶಾಸನ ತ್ರುಟಿತವಾದದ್ದಾದರೂ ಹೇಗೆ? ಹಬ್ಬ ಹಬ್ಬಕ್ಕೂ ತಿಕ್ಕಿ ತಿಕ್ಕಿ ಮಾವನ ಹೆಸರನ್ನು ಅಳಿಸಿದ್ದು ಅಜ್ಜಿಯ ಕೈ. ಬೇಕೆಂದೇ ಮಾಡಿದ್ದಲ್ಲ ಬಿಡಿ. ಬೇಕೆಂದೇ ಮಾಡಿದ್ದರೆ ನನಗೆ ಇನ್ನೂ ಸಂತೋಷವಾಗುತ್ತಿತ್ತು.

ಗುಜರಿಯವನು ಬಂದು ಹಂಡೆಯನ್ನು ಗೆಣ್ಣಿನಿಂದ ಕುಟ್ಟಿ ನೋಡಿದ. ‘ತೇಪೆ ಬಿದ್ದದೆ ಸ್ವಾಮಿ, ತಾಮ್ರದ ರೇಟು ಹುಟ್ಟಲ್ಲ’ ಎಂದ. ನಾನು ಈವರೆಗೆ ಕೇಳಿದ ವಸ್ತುನಿಷ್ಠ ಪಾಂಡಿತ್ಯ ಅದೊಂದೇ. ಹಂಡೆ ಕೊಡಲಿಲ್ಲ. ಫ್ಲಾಟಿನಲ್ಲಿ ಎಲ್ಲಿಡುವುದೆಂದು ಮನೆಯಲ್ಲಿ ಜಗಳ ನಡೆದಿದೆ.

ಶಾಪಾಶಯ: ದಾನಶಾಸನಗಳ ಕೊನೆಯಲ್ಲಿ, ದತ್ತಿಯನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಬರಲಿ ಎಂದು ಬರೆಸುತ್ತಿದ್ದರು. ಹಸುಗಳ ತಂಟೆ ನಮಗೆ ಬೇಡ. ಮುಂದೆ ಯಾರಾದರೂ ಈ ಹಂಡೆಗೆ ವಾರ್ನಿಷ್ ಬಳಿದು, ಕ್ರೋಟನ್ ಗಿಡ ನೆಟ್ಟು, ರೆಸಾರ್ಟಿನ ಬಾಗಿಲಲ್ಲಿ ‘ಆ್ಯಂಟಿಕ್’ ಎಂದು ನಿಲ್ಲಿಸಿದರೆ, ಅವರು ಅರವತ್ತು ಸಾವಿರ ವರ್ಷ ವಿಚಾರಸಂಕಿರಣದ ಊಟದ ನಂತರದ ಗೋಷ್ಠಿಯಲ್ಲಿ, ಮೊದಲ ಸಾಲಿನಲ್ಲಿ, ಅಧ್ಯಕ್ಷರ ಭಾಷಣ ಮುಗಿಯುವವರೆಗೂ ಕೂತಿರಲಿ.