ಅನುಪಾಲನಾ ಮೀಮಾಂಸೆ: ಗ್ರಾಮ ಪಂಚಾಯಿತಿಯ ಇಹಪರಗಳಿಗೊಂದು ಭಾಷ್ಯ

ಶಾಸ್ತ್ರಗ್ರಂಥ ಬರೆಯುವವನು ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಈ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ, ಮೇಲಿನವರ ಆದೇಶ ಪಾಲಿಸಿದ್ದೇವೆಂದು ಕಳಿಸುವ ಅನುಪಾಲನಾ ವರದಿ. ಅಧಿಕಾರಿ, ನಿಸ್ಸಂದೇಹವಾಗಿ, ಪಿಡಿಓ. ಸಂಬಂಧ, ತಾಲ್ಲೂಕು ಮಟ್ಟದ ವಾಟ್ಸ್‌ಆ್ಯಪ್ ಗ್ರೂಪು. ಪ್ರಯೋಜನ, ನೋಟಿಸು ಬಾರದಿರುವುದು. ಪಂಚಾಯಿತಿ ಇರುವುದು ಊರಿಗಾಗಿ ಎಂಬ ಭ್ರಾಂತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಪಂಚಾಯಿತಿ ಇರುವುದು ವರದಿಗಾಗಿ. ಊರು ಆ ವರದಿಯಲ್ಲಿ ತುಂಬಬೇಕಾದ ಒಂದು ಕಾಲಂ.

ಮೂಲಗ್ರಂಥ 1993ರದು. ಸಂವಿಧಾನದ 73ನೇ ತಿದ್ದುಪಡಿ ಆ ವರ್ಷದ ಏಪ್ರಿಲ್ 24ರಂದು ಜಾರಿಗೆ ಬಂತು, ಮೇ 10ಕ್ಕೆ ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮ. 2015ರ ತಿದ್ದುಪಡಿಯಿಂದ ಅಧಿನಿಯಮದ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿಕೊಂಡಿತು. ಸ್ವರಾಜ್ಯ ರಟ್ಟಿನ ಮೇಲೆಯೇ ಅಚ್ಚಾದ ಮೇಲೆ ಅದನ್ನು ಒಳಗೆ ಹುಡುಕುವ ಶ್ರಮ ತಪ್ಪಿತು. ಇದಕ್ಕೂ ಮುಂಚೆ ಅಬ್ದುಲ್ ನಜೀರ್ ಸಾಬರಿದ್ದರು. 1983ರ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿದವರು. ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನ್ನಿಸಿಕೊಂಡರು. ನಮ್ಮ ಶಾಸ್ತ್ರದ ಕಣ್ಣಲ್ಲಿ ಅವರದು ಇನ್ನೂ ಮಾಗದ ಚಿಂತನೆ. ನೀರು ಬಂದರೆ ಕೆಲಸ ಮುಗಿಯಿತೆಂದು ತಿಳಿದಿದ್ದರು, ಪಾಪ.

ಈಗ ಪ್ರಮಾಣ ವಿಚಾರ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ಪ್ರಮಾಣಗಳನ್ನು ಎಣಿಸಿದ ತಾರ್ಕಿಕರಿಗೆ ಜಿಪಿಎಸ್ ಫೋಟೊ ಗೊತ್ತಿರಲಿಲ್ಲ. ಚರಂಡಿ ಕಣ್ಣೆದುರಿಗೆ ಕಟ್ಟಿಕೊಂಡು ನಾರುತ್ತಿದ್ದರೆ ಅದು ಪ್ರತ್ಯಕ್ಷ, ಆದ್ದರಿಂದಲೇ ದುರ್ಬಲ. ಅದೇ ಚರಂಡಿ ಹೂಳು ತೆಗೆದ ದಿನದ ಫೋಟೊದಲ್ಲಿ ಅಕ್ಷಾಂಶ ರೇಖಾಂಶ ಸಹಿತ ಸ್ವಚ್ಛವಾಗಿದೆ. ಎರಡರಲ್ಲಿ ಯಾವುದು ಸತ್ಯ ಎಂದು ಆಡಿಟರನ್ನು ಕೇಳಿ ನೋಡಿ. ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿಗೂ 2023ರ ಜನವರಿ 1ರಿಂದ ಇದೇ ಸಿದ್ಧಾಂತ ಕಡ್ಡಾಯವಾಯಿತು: ದಿನಕ್ಕೆ ಎರಡು ಸಲ ಫೋಟೊ, ಆ್ಯಪ್‌ಗೆ ಏರಿಕೆ. ಎರಡೂವರೆ ವರ್ಷದ ನಂತರ, 2025ರ ಜುಲೈನಲ್ಲಿ, ಸಂಬಂಧವೇ ಇಲ್ಲದ ಚಿತ್ರಗಳು ಏರುತ್ತಿವೆ, ಫೋಟೊದ ಫೋಟೊ ಏರುತ್ತಿದೆ ಎಂದು ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಪರಿಹಾರವೂ ಅದರಲ್ಲೇ ಇತ್ತು. ಪಂಚಾಯಿತಿಯವರು ನೂರಕ್ಕೆ ನೂರು ಫೋಟೊ ಪರಿಶೀಲಿಸಬೇಕು. ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲೇರಿದಂತೆ ಪರಿಶೀಲಿಸಬೇಕಾದ ಪಾಲು ಕಡಿಮೆಯಾಗುತ್ತ ಹೋಗುತ್ತದೆ. ಓದುಗರು ಈ ಇಳಿಜಾರನ್ನು ಗಮನದಲ್ಲಿಟ್ಟುಕೊಳ್ಳಬೇಕು. ನಮ್ಮ ಮುಖ್ಯ ಸಿದ್ಧಾಂತ ನಿಂತಿರುವುದು ಇದರ ಮೇಲೆ.

ಗ್ರಾಮಸಭೆಯ ವಿಷಯದಲ್ಲಿ ಎರಡು ಪಂಥಗಳಿವೆ. ಕೋರಂ ಎಷ್ಟೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ: ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಜಗಳವಿರುವುದು ಸಭೆ ಎಂದರೇನು ಎಂಬಲ್ಲಿ. ಹಳೇ ಸೆಕ್ರೆಟರಿ ಪಂಥದವರ ಪ್ರಕಾರ ಸಹಿ ಇರುವಲ್ಲಿ ಸಭೆ ಇದೆ. ನೀರಗಂಟಿಯು ಹಾಜರಿ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಮನೆಮನೆಗೆ ಹೋದರೆ ಅದು ಸಂಚಾರಿ ಸಭೆ. ನವ್ಯ ಪಂಥ ಇದನ್ನು ಒಪ್ಪುವುದಿಲ್ಲ. ಬ್ಯಾನರು ಕಟ್ಟಬೇಕು, ಮುಂದಿನ ಸಾಲಿನಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಕೂರಬೇಕು, ಮೊಬೈಲನ್ನು ಓರೆಯಾಗಿ ಹಿಡಿಯಬೇಕು. ಹನ್ನೆರಡು ಜನ ನೂರಾಗುತ್ತಾರೆ. ಎರಡೂ ಪಂಥಗಳು ಒಮ್ಮತಕ್ಕೆ ಬರುವ ಏಕೈಕ ಸ್ಥಳ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬಂದ ಇತರೆ ವಿಷಯಗಳು’. ಸಭೆಗಿಂತ ಮೊದಲೇ ನಿರ್ಧಾರವಾದದ್ದೆಲ್ಲ ಅಲ್ಲಿ ಅನಿರೀಕ್ಷಿತವಾಗಿ ಪ್ರತ್ಯಕ್ಷವಾಗುತ್ತದೆ.

ಕರ್ಮಣಿ ಪ್ರಯೋಗ ಕನ್ನಡಕ್ಕೆ ಸಹಜವಲ್ಲವೆನ್ನುವ ವೈಯಾಕರಣರು ಆಡಿಟ್ ಆಕ್ಷೇಪಣೆಗೆ ಬರೆದ ಉತ್ತರವನ್ನು ಓದಿದವರಲ್ಲ. ‘ಕ್ರಮ ವಹಿಸಲಾಗುವುದು’, ‘ಕ್ರಮ ವಹಿಸಲಾಗುತ್ತಿದೆ’, ‘ಕ್ರಮ ವಹಿಸಲಾಗಿದೆ’. ಮೂರೂ ಕಾಲಗಳಲ್ಲಿ ಕ್ರಿಯೆ ಇದೆ, ಕರ್ತೃ ಮಾತ್ರ ಎಲ್ಲೂ ಇಲ್ಲ. ಅದ್ವೈತವೂ ಇಷ್ಟು ಸಲೀಸಾಗಿ ಕರ್ತೃತ್ವವನ್ನು ಕಳಚಿಲ್ಲ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಲೆಕ್ಕಪತ್ರ ಪರಿಶೀಲಿಸಲು ನಡೆಯುವ ಜಮಾಬಂದಿಯಲ್ಲಿ ಈ ವಾಕ್ಯಗಳ ಪಾರಾಯಣವನ್ನು ಆಸಕ್ತರು ಕೇಳಬಹುದು.

ಗಡುವಿನ ಮಹಿಮೆಗೆ ಜೀವವೈವಿಧ್ಯವೇ ಸಾಕ್ಷಿ. 2002ರ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಹುಲ್ಲು, ಹುಳ, ಮೀನು, ನಾಟಿ ತಳಿಗಳನ್ನೆಲ್ಲ ಬರೆದಿಡಬೇಕು. ಬಹಳಷ್ಟು ಕಡೆ ವರ್ಷಗಟ್ಟಲೆ ಯಾರಿಗೂ ಇದರ ನೆನಪಾಗಲಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದಿತು. ಮೊದಲ ಮಳೆಗೆ ಹೊರಬರುವ ಕಪ್ಪೆಗಳೂ ಆಮೇಲೆ ದಾಖಲಾತಿಗಳು ಹೊರಬಂದ ವೇಗದಲ್ಲಿ ಹೊರಬಂದಿರಲಾರವು. ಊರಿನಲ್ಲಿ ಕಪ್ಪೆ ಇದೆಯೋ ಇಲ್ಲವೋ, ದಾಖಲಾತಿಯಲ್ಲಿ ಇದೆ.

ಇನ್ನು ದಂಡ ಪ್ರಕರಣ. ಇದರಲ್ಲಿ ನಮ್ಮ ಪೂರ್ವಿಕರು ಕಠೋರರು. ಶಾಸನದ ಕೊನೆಯ ಶಾಪಾಶಯವನ್ನು ನೋಡಿ. ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ, ಮೇಲೆ ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವ ಯೋಗ. ತಮಿಳುನಾಡಿನ ಉತ್ತರಮೇರೂರಿನಲ್ಲಿರುವ, ಚೋಳ ಪರಾಂತಕನ ಕಾಲದ, ಹತ್ತನೇ ಶತಮಾನದ ಶಾಸನ ಇನ್ನೂ ಲೌಕಿಕ: ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಆಯ್ಕೆಗೆಂದು ಎತ್ತುವ ಕೊಡದೊಳಗಿನ ಚೀಟಿಗೆ ಬರೆಯಕೂಡದು, ಅವನ ಹತ್ತಿರದ ಬಂಧುಗಳ ಹೆಸರನ್ನೂ ಬರೆಯಕೂಡದು. ಈ ನಿಯಮವನ್ನು ಇಂದು ತಂದರೆ ಕೆಲವು ಹೋಬಳಿಗಳಲ್ಲಿ ನಿಲ್ಲಲು ಅಭ್ಯರ್ಥಿಗಳೇ ಸಿಗುವುದಿಲ್ಲ, ಯಾಕೆಂದರೆ ಊರೆಲ್ಲ ನೆಂಟರು. ಆಧುನಿಕರು ದಯಾಳುಗಳು. 2011ರ ಸಕಾಲ ಕಾಯ್ದೆಯಂತೆ ಅರ್ಜಿ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಅಂದರೆ ಇಪ್ಪತ್ತೈದು ದಿನಕ್ಕೆ ಪಾಪ ಸಂಪೂರ್ಣ ತೀರುತ್ತದೆ, ಇಪ್ಪತ್ತಾರನೇ ದಿನದಿಂದ ವಿಳಂಬ ಉಚಿತ. ಅರ್ಜಿದಾರನಿಗೂ ವಿಧಿಗಳಿವೆ. ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರದೆ, ಒಂದೇ ವಿಷಯ ಕೇಳಬೇಕು. ಊರಿನ ಕಷ್ಟಗಳು ಒಂದೇ ವಿಷಯವಾಗಿದ್ದರೆ ಅವನು ಅರ್ಜಿಯನ್ನೇ ಬರೆಯುತ್ತಿರಲಿಲ್ಲ.

ಈಗ ಮುಖ್ಯ ಸಿದ್ಧಾಂತ. ಬಾಧ್ಯತೆಗೆ ತೂಕವಿದೆ, ಅದು ಯಾವಾಗಲೂ ಕೆಳಮುಖವಾಗಿ ಬೀಳುತ್ತದೆ. ದೆಹಲಿಯಲ್ಲಿ ಹೊರಟದ್ದು ಬೆಂಗಳೂರಿನಲ್ಲಿ ‘ತುರ್ತು’ ಆಗಿ, ಜಿಲ್ಲೆಯಲ್ಲಿ ‘ಅತೀ ತುರ್ತು’ ಆಗಿ, ಸಂಜೆ ಐದಕ್ಕೆ ಪಂಚಾಯಿತಿಗೆ ಮುಟ್ಟುವಾಗ ‘ಇಂದೇ’ ಆಗಿರುತ್ತದೆ. ಡಾಟಾ ಎಂಟ್ರಿ ಆಪರೇಟರಿನ ಕೆಳಗೆ ಯಾರೂ ಇಲ್ಲದ್ದರಿಂದ ಅದು ಆತನ ಮೇಲೇ ನಿಲ್ಲುತ್ತದೆ. ಆತನನ್ನು ಬೈಯುವವರು ಈ ಭೌತಶಾಸ್ತ್ರವನ್ನು ತಿಳಿಯದವರು.

ಪೂರ್ವಪಕ್ಷಿ ಕೇಳಬಹುದು: ಮೇಲಿರುವವರಿಗೆ ಬಾಧ್ಯತೆಯೇ ಇಲ್ಲವೆ? ಇದೆ. ಪಂಚಾಯಿತಿಗಳ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳು ಕೂತರು. ಕ್ಷೇತ್ರ ಮರುವಿಂಗಡಣೆ ನಡೆಯುತ್ತಿದೆ ಎನ್ನುವುದು ಉತ್ತರವಾಗಿತ್ತು. 2022ರ ಡಿಸೆಂಬರಿನಲ್ಲಿ ಹೈಕೋರ್ಟು ತಾಳ್ಮೆಗೆಟ್ಟು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಆದರೂ ಚುನಾವಣೆ ಬರಲಿಲ್ಲ. ಇಷ್ಟರ ನಡುವೆಯೂ ಗ್ರಾಮ ಪಂಚಾಯಿತಿಗಳಿಂದ ಕಾಲಕಾಲಕ್ಕೆ ವರದಿ ಹೋಗುವುದು ಮಾತ್ರ ಒಂದು ದಿನವೂ ನಿಲ್ಲಲಿಲ್ಲ.

ಹಾಗಾದರೆ ಆ ವರ್ಷಗಳ ಅನುಪಾಲನಾ ವರದಿಯನ್ನು ಯಾರು ಯಾರಿಂದ ಕೇಳಬೇಕಿತ್ತು? ಕೇಳಬೇಕಾದವರೂ ಕೊಡಬೇಕಾದವರೂ ಒಬ್ಬರೇ ಆದ್ದರಿಂದ ಸದರಿ ಪ್ರಶ್ನೆಯನ್ನು ಅಧ್ಯಕ್ಷರ ಅಪ್ಪಣೆ ಮೇರೆಗೆ ಮುಂದಿನ ಸಭೆಗೆ ಮುಂದೂಡಲಾಗಿದೆ. ಕೋರಂ ಇತ್ತು, ಫೋಟೊ ಲಗತ್ತಿಸಿದೆ.