ಮುಳುಗುವುದೇ ಅದರ ಕಸುಬು!

ಎರಡನೇ ಮಹಾಯುದ್ಧದ ಅಟ್ಲಾಂಟಿಕ್ ಕದನವನ್ನು ಯುದ್ಧದಾಟವಾಗಿ ಆಡುವವರದು ಒಂದೇ ಗೊಣಗು: ಮೂರು ಸರದಿ ವಿಮಾನ ಹಾರಿಸಿದರೂ ಜಲಾಂತರ್ಗಾಮಿ ಮುಳುಗಲಿಲ್ಲವಂತೆ. ಅಯ್ಯಾ, ಮುಳುಗುವುದೇ ಅದರ ಕಸುಬು! ಅದನ್ನು ಮುಳುಗಿಸಿಯೇ ಇಟ್ಟರೆ ಅರ್ಧ ಗೆದ್ದಂತೆ. ನೀರ ಮೇಲೆ 17 ನಾಟ್ ಓಡುತ್ತಿದ್ದ ಜರ್ಮನ್ ಯು-ಬೋಟು, ಒಳಗಿಳಿದರೆ ಬ್ಯಾಟರಿ ನಂಬಿಕೊಂಡು ಏಳೆಂಟು ನಾಟ್‌ಗೇ ಏದುಸಿರು ಬಿಡುತ್ತಿತ್ತು, ಅದೂ ಸ್ವಲ್ಪ ಹೊತ್ತು. ಅಷ್ಟರಲ್ಲಿ ಸರಕುಹಡಗುಗಳ ಸಾಲು ದಿಗಂತ ದಾಟಿರುತ್ತಿತ್ತು. ರಾತ್ರಿ ಮೇಲೆದ್ದು ಬ್ಯಾಟರಿ ತುಂಬಿಕೊಂಡರೆ ಎನ್ನುವಿರಾ? ಅದಕ್ಕೇ 1942ರಲ್ಲಿ ಬ್ರಿಟಿಷರು ರೇಡಾರ್ ಹೊತ್ತ ವಿಮಾನಗಳಿಗೆ ಲೀ ದೀಪವೆಂಬ ಶೋಧದೀಪ ಕಟ್ಟಿದ್ದು. ಕತ್ತಲಲ್ಲಿ ಗಾಳಿ ಕುಡಿಯಲು ಬಂದವನ ಮುಖಕ್ಕೇ ಝಗ್ಗೆಂದು ಬೆಳಕು. 1943ರ ಮೇನಲ್ಲಿ ನಲವತ್ತಕ್ಕೂ ಹೆಚ್ಚು ಯು-ಬೋಟು ಕಳೆದುಕೊಂಡ ಜರ್ಮನ್ ನೌಕಾಪಡೆಯ ಮುಖ್ಯಸ್ಥ ಡೋನಿಟ್ಸ್ ಉತ್ತರ ಅಟ್ಲಾಂಟಿಕ್‌ನಿಂದ ತನ್ನ ಹಿಂಡನ್ನೇ ಹಿಂದೆ ಕರೆದ. ಅಷ್ಟೂ ವಿಮಾನದ ಬೇಟೆಯಲ್ಲ, ಬೆಂಗಾವಲು ಹಡಗುಗಳ ಪಾಲೂ ದೊಡ್ಡದೇ. ಆದರೆ ಬರಿದೇ ಗಸ್ತು ತಿರುಗಿ ಬಂದ ವಿಮಾನಕ್ಕೆ ಸೊನ್ನೆ ಅಂಕ ಕೊಡುವ ಆಟದಲ್ಲಿ, ಎಡವಟ್ಟು ಪೈಲಟನದಲ್ಲ, ನಿಯಮ ಬರೆದವನದು.